ಮೂರನೆಯ ‘ಒನ್ಸ್ ಮೋರ್’

ನಾಟಕ ಕಂಪನಿಗಳ ಕಾಲವನ್ನು ಕಂಡವರಿಗೆ ‘ಒನ್ಸ್ ಮೋರ್’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಾತು ಪರದೇಶದ್ದು ನಿಜ. ಆದರೆ ಬಿಜಾಪುರ, ಬಾಗಲಕೋಟೆ, ಗದಗುಗಳ ತಗಡಿನ ಥೇಟರುಗಳಲ್ಲಿ ಅದು ಎಷ್ಟು ಕಾಲ ಬಾಳಿತೆಂದರೆ, ಇಂಗ್ಲಿಷಿನ ಒಂದಕ್ಷರವನ್ನು ಅರಿಯದ ಒಕ್ಕಲಿಗನೂ ಅದನ್ನು ತನ್ನ ತಾಯ್ನುಡಿಯ ಮಾತೆಂಬಂತೆಯೇ ಕೂಗುತ್ತಿದ್ದನು. ಹಾಡು ಮೆಚ್ಚಿಕೆಯಾದರೆ ಮತ್ತೊಮ್ಮೆ ಹಾಡೆಂದು ಕೂಗುವದು ನೋಡುವವನ ಹಕ್ಕು. ಹಾಡುವದೋ ಬಿಡುವದೋ ಎಂಬುದು ನಟನ ಹಕ್ಕು. ಈ ಎರಡು ಹಕ್ಕುಗಳ ಜಗ್ಗಾಟದಲ್ಲಿಯೇ ಕಂಪನಿ ನಾಟಕದ ಅರ್ಧ ರುಚಿ ಅಡಗಿದ್ದಿತು.

ಇಳಕಲ್ಲಿನ ನಿವೃತ್ತ ಮಾಸ್ತರರೊಬ್ಬರ ಮನೆಯ ಮಾಡದಲ್ಲಿ, ಹಳೆಯ ಪಂಚಾಂಗಗಳ ಹಿಂದೆ, ಒಂದು ಕ್ಯಾಸೆಟ್ಟು ನಾಲ್ವತ್ತು ವರುಷಗಳಿಗೂ ಮಿಗಿಲಾಗಿ ಇದ್ದಿತು. ಅವರ ಅಣ್ಣ ಕಂಪನಿಯ ನಟರು. ಹೆಸರು ಪತ್ರಿಕೆಗಳಲ್ಲಿ ಬರುವಷ್ಟು ದೊಡ್ಡ ನಟರೇನೂ ಅಲ್ಲ. ಆದರೆ ಅವರ ಕೃಷ್ಣನ ಪಾತ್ರಕ್ಕೆಂದು ಹತ್ತು ಹರಿದಾರಿಯಿಂದ ಬಂಡಿ ಹೂಡಿಕೊಂಡು ಬರುವ ಜನವಿದ್ದರು. 1984ರ ಬನಶಂಕರಿಯ ಜಾತ್ರೆಯಲ್ಲಿ, ಯಾರೋ ಕೊಟ್ಟ ಚಿಕ್ಕ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತು, ಮಾಸ್ತರರು ಆ ಹಾಡುಗಳನ್ನು ಹಿಡಿದಿಟ್ಟರು. 1991ರಲ್ಲಿ ಅಣ್ಣ ತೀರಿಕೊಂಡರು. ಆಮೇಲೆ ವರುಷಕ್ಕೊಮ್ಮೆ, ಅವರ ತಿಥಿಯ ಸಂಜೆ, ಆ ಕ್ಯಾಸೆಟ್ಟು ಮನೆಯಲ್ಲಿ ನುಡಿಯುವದು ರೂಢಿಯಾಯಿತು.

ಅದರಲ್ಲಿ ಹಾಡೊಂದೇ ಇರಲಿಲ್ಲ. ಥೇಟರಿನ ಹೊರಗಿನ ಡೀಜಲ್ ಯಂತ್ರದ ಗುಡುಗುಡು ಇದ್ದಿತು. ಶೇಂಗಾ ಮಾರುವವನ ಕೂಗು ಇದ್ದಿತು. ಎಲ್ಲಿಯೋ ಒಂದು ಕೂಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಿತು. ಹಾಡು ಮುಗಿದೊಡನೆ ‘ಒನ್ಸ್ ಮೋರ್’ ಎಂಬ ಕೂಗು. ಅಣ್ಣ ಮತ್ತೆ ಹಾಡುವರು, ಈ ಸಲ ಮೂರನೆಯ ನುಡಿಯಲ್ಲಿ ಸ್ವರವನ್ನು ಬೇರೊಂದು ಬಗೆಯಲ್ಲಿ ಹೊರಳಿಸುವರು. ಪುನಃ ಕೂಗು, ಪುನಃ ಹಾಡು. ಮೂರನೆಯ ಸಲ ಜನ ಕೂಗಿದಾಗ ಮಾತ್ರ ಹಾರ್ಮೋನಿಯಮ್ಮು ನಿಲ್ಲುವದು. ಅಣ್ಣನ ಬರಿಯ ದನಿ, ಹಾಡಿನದಲ್ಲ, ಮಾತಿನದು, ಕೇಳಿಬರುವದು: “ಇನ್ನ ಒಲ್ಲೆ, ನಮ್ಮಪ್ಪಗೋಳ್ರ್ಯಾ. ನಾಳಿಗೆ ಬರ್ರಿ.” ಜನ ನಗುವರು, ಆಮೇಲೆ ಚಪ್ಪಾಳೆ.

2025ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮೊಮ್ಮಗನು ಆ ಕ್ಯಾಸೆಟ್ಟಿನ ಟೇಪು ಸವೆದು ಹೋಗುತ್ತಲಿರುವದನ್ನು ಕಂಡನು. ಅವನು ಕಂಪ್ಯೂಟರಿನ ಉದ್ಯೋಗದವನು, ವಯಸ್ಸು ಇಪ್ಪತ್ತನಾಲ್ಕು. “ಮುತ್ಯಾ, ಇದನ್ನ ನಾ ಒಯ್ತೀನಿ. ಗದ್ದಲೆಲ್ಲಾ ತಗದು, ಹೊಸಾದ್ಹಂಗ ಮಾಡಿಕೊಂಡು ಬರ್ತೀನಿ” ಎಂದನು. ಮಾಸ್ತರರು ಕ್ಯಾಸೆಟ್ಟನ್ನು ಧೋತರದ ಅಂಚಿನಿಂದ ಒರೆಸಿ ಅವನ ಕೈಯಲ್ಲಿಟ್ಟರು.

2026ರ ಬನದ ಹುಣ್ಣಿಮೆ ಜನವರಿಯ ಮೊದಲ ವಾರದಲ್ಲಿಯೇ ಬಂದಿತು. ಅಜ್ಜ ಮೊಮ್ಮಕ್ಕಳಿಬ್ಬರೂ ಬಾದಾಮಿಯ ದಾರಿ ಹಿಡಿದು ಬನಶಂಕರಿಗೆ ಹೋದರು. ತೇರೆಳೆದು ಮುಗಿದಿದ್ದರೂ ಜಾತ್ರೆ ಮುಗಿದಿರಲಿಲ್ಲ. ಅಲ್ಲಿ ನಾಟಕ ಕಂಪನಿಗಳು ಇಂದಿಗೂ ಸಾಲಾಗಿ ಬೀಡು ಬಿಡುವವು. ವಾರಗಟ್ಟಲೆ ಆಟ ನಡೆಯುವವು. ಹಿಂದಿನ ಪೌರಾಣಿಕಗಳು ಈಗ ಅಪರೂಪ, ಹಾಸ್ಯದ ಸಾಮಾಜಿಕಗಳೇ ಹೆಚ್ಚು. ಹೊನ್ನ ಹಳದಿಯ ಬೆಳಕಿನಲ್ಲಿ ಬಣ್ಣ ಬಳಿದುಕೊಂಡ ನಟಿಯೊಬ್ಬಳು ತನ್ನ ಸರದಿಗಾಗಿ ಪಕ್ಕದ ಪರದೆಯ ಹತ್ತಿರ ನಿಂತು ಚಹಾ ಕುಡಿಯುತ್ತಲಿದ್ದುದನ್ನು ಮಾಸ್ತರರು ಬಹಳ ಹೊತ್ತು ನೋಡಿದರು. ಅಣ್ಣನ ಹೆಂಡತಿಯೂ ಹಾಗೆಯೇ ನಿಲ್ಲುತ್ತಿದ್ದಳು.

ಊರಿಗೆ ಮರಳಿದ ರಾತ್ರಿ ಮೊಮ್ಮಗನು ಮೊಬೈಲನ್ನು ಒಂದು ಪುಟ್ಟ ಧ್ವನಿಪೆಟ್ಟಿಗೆಗೆ ಜೋಡಿಸಿದನು. ಅಣ್ಣ ಹಾಡಿದರು. ಯಂತ್ರದ ಗುಡುಗುಡು ಇಲ್ಲ, ಶೇಂಗಾದವನಿಲ್ಲ, ಕೂಸಿಲ್ಲ. ನಾಲ್ವತ್ತೆರಡು ವರುಷಗಳ ಧೂಳನ್ನು ಕೊಡವಿ ಎದ್ದ ಆ ಕಂಠವು ನಡುಮನೆಯಲ್ಲಿಯೇ ಕುಳಿತು ಹಾಡಿದಂತಿದ್ದಿತು. ಉಸಿರು ತೆಗೆದುಕೊಳ್ಳುವ ಸಪ್ಪಳ ಕೂಡ ಕೇಳಿಸಿತು. ಮಾಸ್ತರರ ಕಣ್ಣುಗಳು ತುಂಬಿದವು. ಮೊದಲ ‘ಒನ್ಸ್ ಮೋರ್’ ಆಯಿತು, ಎರಡನೆಯದೂ ಆಯಿತು. ಮೂರನೆಯ ಕೂಗೆದ್ದಿತು, ಅಣ್ಣ ಮತ್ತೆ ಹಾಡಿದರು! ದನಿ ಅವರದೇ, ಹೊರಳು ಅವರದೇ, ಉಸಿರೂ ಅವರದೇ. ತಪ್ಪಿಲ್ಲದ, ದಣಿವಿಲ್ಲದ ಹಾಡು.

ಮಾಸ್ತರರು ಕಣ್ಣೊರೆಸಿಕೊಂಡು ಕೇಳಿದರು: “ಇದನ್ನ ಎಂದ ಹಾಡಿದ?”

ಮೊಮ್ಮಗನ ಮುಖದಲ್ಲಿ ಹೆಮ್ಮೆಯಿದ್ದಿತು. “ಹಾಡಿಲ್ಲ ಮುತ್ಯಾ. ಆ ದನೀನ ಕಂಪ್ಯೂಟರಿಗೆ ಕಲಿಸೀನಿ. ಇನ್ನ ಬೇಕಾದ ಪದ ಕೊಡ್ರಿ, ದೊಡ್ಡಮುತ್ಯಾನ ದನಿಲೇ ಹಾಡ್ತೈತಿ. ಮೋತೀನೂ ಮಾಡಬಹುದು. ಒಂದ್ ಪೂರಾ ನಾಟಕಾನ ಮಾಡಬಹುದು.”

“ಒಲ್ಲೆ ಅಂದಿದ್ನಲ್ಲೋ?”

“ಅದು ಹಾಡಲ್ಲಲ್ಲ ಮುತ್ಯಾ. ಗದ್ದಲ ತಗಿಯೋವಾಗ ಹೋತು.”

ಆ ರಾತ್ರಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಮೊಮ್ಮಗನ ಮೇಲೆ ಸಿಟ್ಟೂ ಬರಲಿಲ್ಲ. ಹುಡುಗನು ಪ್ರೀತಿಯಿಂದಲೇ ಮಾಡಿದ್ದನು. ಆದರೆ ಯಾವುದೋ ಒಂದು ಮುಳ್ಳು ಚುಚ್ಚುತ್ತಲಿದ್ದಿತು. ಅದೆಲ್ಲಿದೆಯೆಂಬುದನ್ನು ಅವರಿಗೆ ತಡವಿ ಹುಡುಕಬೇಕಾಯಿತು.

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಮೊಮ್ಮಗನು ಹೊಸ ಲೋಕದ ಸುದ್ದಿಯನ್ನೆಲ್ಲ ಹೇಳಿದನು. ಜಪಾನ ದೇಶದಲ್ಲಿ 2007ರಲ್ಲಿಯೇ ಹಾತ್ಸುನೆ ಮಿಕು ಎಂಬ ಗಾಯಕಿ ಹುಟ್ಟಿದಳು. ಅವಳಿಗೆ ರಕ್ತಮಾಂಸದ ದೇಹವಿಲ್ಲ. ಸಪ್ಪೊರೊ ನಗರದ ಕ್ರಿಪ್ಟನ್ ಎಂಬ ಸಂಸ್ಥೆಯವರು, ಫುಜಿತಾ ಸಾಕಿ ಎಂಬ ನಟಿಯು ನುಡಿದ ಅಕ್ಷರಗಳನ್ನು ಯಂತ್ರಕ್ಕೆ ಊಡಿಸಿ, ಯಾರು ಬೇಕಾದರೂ ರಾಗ ಹಾಕಿ ಹಾಡಿಸಬಹುದಾದ ಒಂದು ಕಂಠವನ್ನು ನಿರ್ಮಿಸಿದರು. ಬೆಳಕಿನ ಆ ಹುಡುಗಿಯ ಮುಂದೆ ಸಾವಿರಾರು ಜನ ದೀಪದ ಕಡ್ಡಿಗಳನ್ನು ಬೀಸುತ್ತ ನಿಲ್ಲುವರು. ಕನ್ನಡದಲ್ಲಿಯೂ 2023ರ ಜುಲೈಯಲ್ಲಿ ಪವರ್ ಟಿವಿಯವರು ‘ಸೌಂದರ್ಯಾ’ ಎಂಬ ಕೃತಕ ವಾರ್ತಾವಾಚಕಿಯನ್ನು ತೆರೆಗೆ ತಂದರು. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿಯು ಕೃಷ್, ಭೂಮಿ ಎಂಬ ಇಂತಹ ಇಬ್ಬರನ್ನು ತಂದು, ಅವರು 50 ಭಾಷೆಗಳಲ್ಲಿ ಮಾತಾಡಬಲ್ಲರೆಂದು ಸಾರಿತು. 2025ರಲ್ಲಿ ‘ಲವ್ ಯು’ ಎಂಬ ಕನ್ನಡ ಚಿತ್ರವನ್ನು ನಟರಿಲ್ಲದೆ, ಸುಮಾರು 10 ಲಕ್ಷ ರೂಪಾಯಿಗಳಲ್ಲಿ, ಕೃತಕ ಬುದ್ಧಿಯಿಂದಲೇ ಮಾಡಿದರು.

“ಒಂದ್ ಕಂಪನಿ ತಗಡು ಹೊಡೀಲಿಕ್ಕೇ ಎಷ್ಟ್ ರೊಕ್ಕ ಬೇಕು ಮುತ್ಯಾ? ನಮ್ಮಂಥಾ ಬಡವರ ಮಕ್ಕಳೂ ಇನ್ನ ಸಿನಿಮಾ ಮಾಡಬಹುದು. ದೊಡ್ಡಮುತ್ಯಾನ ಹೆಸರು ಯಾರಿಗೆ ಗೊತ್ತೈತಿ ಈಗ? ಹಿಂಗಾದ್ರ ಗೊತ್ತಾಗತೈತಿ” ಎಂದನು.

ಈ ಮಾತನ್ನು ತಳ್ಳಿಹಾಕುವದು ಮಾಸ್ತರರಿಗೆ ಸುಲಭವಾಗಲಿಲ್ಲ. ಕಲೆಯ ಬಾಗಿಲು ಬಡವನಿಗೆ ತೆರೆದರೆ ಅದು ಒಳ್ಳೆಯದೇ. ಮೇಲಾಗಿ, ದೇಹವೊಂದು ದನಿಯೊಂದು ಎಂಬ ಆಟವು ಇಂದು ಹುಟ್ಟಿದುದೂ ಅಲ್ಲ. ಇದೇ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿದರು. ತೆರೆಯ ಮೇಲೆ ತುಟಿಯಾಡಿಸಿದವರು ಮುಮ್ತಾಜ್ ಶಾಂತಿಯವರು. ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠ. ನೋಡುವವರು ಅದನ್ನು ಒಬ್ಬಳೇ ಹೆಂಗಸೆಂದು ನಂಬಿ ಸುಖಿಸಿದರು. 1949ರ ‘ಮಹಲ್’ ಚಿತ್ರದ ಹೆಸರುವಾಸಿಯಾದ ಹಾಡು ಗ್ರಾಮೊಫೋನಿನ ತಟ್ಟೆಯಾಗಿ ಹೊರಬಂದಾಗ ಅದರ ಮೇಲೆ ಮೊದಲು ಅಚ್ಚಾದ ಹೆಸರು ಹಾಡಿದ ಲತಾ ಮಂಗೇಶಕರರದಲ್ಲ, ಕಥೆಯೊಳಗಿನ ‘ಕಾಮಿನಿ’ಯದು. ಇಲ್ಲದ ಹೆಂಗಸಿಗೆ ಕೀರ್ತಿ, ಇದ್ದವಳಿಗೆ ಮರೆವು! ಡಿಜಿಟಲ್ ಗಾಯಕಿಯ ಹುಟ್ಟುಹಬ್ಬವನ್ನು ಅಂದಿನಿಂದಲೇ ಎಣಿಸಿದರೂ ತಪ್ಪಾಗಲಿಕ್ಕಿಲ್ಲ.

ಇನ್ನೂ ಹಿಂದೆ ಹೋದರೆ ತೊಗಲು ಗೊಂಬೆಗಳುಂಟು. ಮಾಸ್ತರರು ಹುಡುಗರಿದ್ದಾಗ, ಹುನಗುಂದದ ಸೀಮೆಯ ಒಂದು ಹಳ್ಳಿಯಲ್ಲಿ, ಸುಗ್ಗಿ ಮುಗಿದ ಮೇಲೆ ಶಿಳ್ಳೆಕ್ಯಾತರು ಬಂದು ಬಿಳಿಯ ಪರದೆ ಕಟ್ಟುವರು. ಹಿಂದೆ ದೀಪ, ಮುಂದೆ ಊರು, ನಡುವೆ ಬಣ್ಣದ ತೊಗಲು. ರಾಮ ರಾವಣರು ಯುದ್ಧಕ್ಕೆ ನಿಲ್ಲುವದಕ್ಕೆ ಮುಂಚೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಊರನ್ನೆಲ್ಲ ನಗಿಸುವರು. ಒಂದು ರಾತ್ರಿ ಕ್ಯಾತನು ಊರ ಸಾವುಕಾರನ ಬಡ್ಡಿಯ ಲೆಕ್ಕವನ್ನು ಆಡಿ ತೋರಿಸಿದನು. ಬೆಳಗಾಗುವಷ್ಟರಲ್ಲಿ ಸಾವುಕಾರನು ಗುಡಿಸಲ ಮುಂದೆ ನಿಂತಿದ್ದನು. ಮುದುಕನಾದ ಆಟಗಾರನು ಹೊರಬಂದು, “ಗೊಂಬಿಗೇನ ಗೊತ್ತರೀ ಧಣಿ, ಮಾತು ನಂದು” ಎಂದು ಕೈ ಜೋಡಿಸಿದನು. ಸಾವುಕಾರನು ಸ್ವಲ್ಪ ಹೊತ್ತು ನಿಂತು, ಹೋಗಿ ಒಂದು ಬುಟ್ಟಿ ಜೋಳ ಕಳಿಸಿದನು. ನಾಚಿ ಕಳಿಸಿದನೋ, ಅಂಜಿ ಕಳಿಸಿದನೋ, ಯಾರಿಗೆ ಗೊತ್ತು? ಆದರೆ ಜೋಳವು ಗೊಂಬೆಗೆ ಬರಲಿಲ್ಲ, ಗೊಂಬೆಯಾಡಿಸಿದವನಿಗೆ ಬಂದಿತು. ಬೈಗುಳು ಬರುವದಿದ್ದರೆ ಅದೂ ಅವನಿಗೇ ಬರುತ್ತಿದ್ದಿತು. ಇಳಕಲ್ಲಿನ ಮಗ್ಗುಲ ಜಿಲ್ಲೆಯಾದ ಕೊಪ್ಪಳದ ಮೋರನಾಳದವರು, ತೊಂಬತ್ತು ದಾಟಿದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. 2025ರಲ್ಲಿ ಪದ್ಮಶ್ರೀ ದೊರೆತಾಗ ಸರಕಾರವು ಕರೆದುದು ಅವರ ಹೆಸರನ್ನು, ಅವರ ಗೊಂಬೆಯ ಹೆಸರನ್ನಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಮಾಸ್ತರರಿಗೆ ಮುಳ್ಳು ಕೈಗೆ ಸಿಕ್ಕಂತಾಯಿತು. ದೇಹವಿಲ್ಲದ ನಟನು ಸುಳ್ಳೆಂಬುದು ಅವರ ದೂರಲ್ಲ. ತೊಗಲಿನ ರಾಮನೂ ಸುಳ್ಳೇ. ಅವನ ಮುಂದೆ ಕುಳಿತು ಜನ ನಿಜವಾದ ಕಣ್ಣೀರನ್ನೇ ಸುರಿಸಿದ್ದಾರೆ. ಗೊಂಬೆಯು ಒಲ್ಲೆನೆನ್ನಲಾರದು, ಆದುದರಿಂದಲೇ ಅದರ ಪರವಾಗಿ ಒಲ್ಲೆನೆನ್ನಬಲ್ಲ ಒಬ್ಬ ಮನುಷ್ಯನು ಪರದೆಯ ಹಿಂದೆ ಇರಬೇಕು. ಅವನಿಗೆ ಹೆಸರಿರಬೇಕು, ಕೂಲಿ ಸಲ್ಲಬೇಕು, ಮಾತು ತಪ್ಪಿದರೆ ಮುಂಜಾನೆ ಅವನ ಬಾಗಿಲನ್ನು ತಟ್ಟುವಂತಿರಬೇಕು. ಫುಜಿತಾ ಸಾಕಿಯವರು ತಮ್ಮ ದನಿಯನ್ನು ತಿಳಿದು ಕೊಟ್ಟರು. ಅವರ ಹೆಸರೂ ಲೋಕಕ್ಕೆ ಗೊತ್ತು. ಆದರೆ ನಿನ್ನೆಯ ರಾತ್ರಿ ನಡುಮನೆಯಲ್ಲಿ ಹಾಡಿದವರು ಯಾರು? ಅಣ್ಣನೆನ್ನೋಣವೆಂದರೆ ಅಣ್ಣನು ಒಲ್ಲೆನೆಂದಿದ್ದನು. ಯಂತ್ರವೆನ್ನೋಣವೆಂದರೆ ಅದಕ್ಕೆ ಒಲ್ಲೆನೆಂಬ ಮಾತು ಗದ್ದಲವಾಗಿ ಕಂಡಿತು.

ಕನ್ನಡ ಚಿತ್ರಗಳಲ್ಲಿಯೇ ಈ ಭೇದವನ್ನು ಕಾಣಬಹುದು. ವಿಷ್ಣುವರ್ಧನರು 2009ರ ಡಿಸೆಂಬರ 30ರಂದು ತೀರಿಕೊಂಡರು. 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನಿಂದ ಅವರ ರೂಪವನ್ನು ಪುನಃ ತೆರೆಗೆ ತಂದರು. ಅಭಿಮಾನಿಗಳ ಸಂತೋಷವು ಸುಳ್ಳಲ್ಲ. ಆದರೂ ಆ ಕಥೆಯನ್ನು ಅವರು ಕೇಳಿರಲಿಲ್ಲ, ಆ ಪಾತ್ರವನ್ನು ಅವರು ಒಪ್ಪಿರಲಿಲ್ಲ. ಪುನೀತ ರಾಜಕುಮಾರರು ತೀರಿಕೊಂಡುದು 2021ರ ಅಕ್ಟೋಬರ 29ರಂದು. ಅವರ ‘ಜೇಮ್ಸ್’ ಚಿತ್ರವು 2022ರ ಮಾರ್ಚಿಯಲ್ಲಿ ಅಣ್ಣ ಶಿವರಾಜಕುಮಾರರ ದನಿಯೊಡನೆ ಬಂದಿತು. ಮುಂದೆ ಏಪ್ರಿಲಿನಲ್ಲಿ ಹೊಸ ತಂತ್ರದ ನೆರವಿನಿಂದ ಪುನೀತರದೇ ದನಿಯನ್ನು ಕೂಡಿಸಿದ ಪ್ರತಿಯೂ ಬಂದಿತು. ಇಲ್ಲಿ ಪಾತ್ರವು ಅವರೇ ಒಪ್ಪಿ, ಅವರೇ ಅಭಿನಯಿಸಿದ್ದು; ಯಂತ್ರವು ಅರ್ಧಕ್ಕೆ ನಿಂತ ನೇಯ್ಗೆಯ ತುದಿಯನ್ನು ಕಟ್ಟಿತು, ಅಷ್ಟೆ. 2024ರಲ್ಲಿ ಎ. ಆರ್. ರಹಮಾನರು ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಹಾಡೊಂದಕ್ಕೆ ದಿವಂಗತರಾದ ಬಂಬಾ ಬಕ್ಯಾ, ಶಾಹುಲ್ ಹಮೀದ್ ಎಂಬ ಇಬ್ಬರು ಗಾಯಕರ ದನಿಗಳನ್ನು ಯಂತ್ರದಿಂದ ಪಡೆದರು. ಕುಟುಂಬದವರ ಒಪ್ಪಿಗೆ ಪಡೆದು ತಕ್ಕ ಸಂಭಾವನೆಯನ್ನು ಕೊಟ್ಟಿರುವದಾಗಿ ತಾವೇ ತಿಳಿಸಿದರು. ಸತ್ತವರು ಹಾಡಬಾರದೆಂದೇನೂ ಇಲ್ಲ. ಹಾಡಿಸುವವನು ಮೊದಲು ಒಂದು ಮನೆಯ ಬಾಗಿಲನ್ನು ತಟ್ಟಬೇಕು.

ಅಮೇರಿಕೆಯ ನಟರು 2023ರಲ್ಲಿ 118 ದಿನ ಕೆಲಸ ನಿಲ್ಲಿಸಿ ಹೋರಾಡಿದರು. ತಮ್ಮ ಮುಖ ಮೈಗಳ ಡಿಜಿಟಲ್ ಪ್ರತಿಯನ್ನು ತಮ್ಮ ಒಪ್ಪಿಗೆಯಿಲ್ಲದೆ, ಕೂಲಿಯಿಲ್ಲದೆ ಬಳಸಕೂಡದೆಂಬುದು ಅವರ ಬೇಡಿಕೆಗಳಲ್ಲಿ ಒಂದು. ಭಾರತದಲ್ಲಿಯೂ 2023ರಲ್ಲಿ ನಟ ಅನಿಲ ಕಪೂರರು ದಿಲ್ಲಿಯ ಹಾಯ್‌ಕೋರ್ಟಿನಿಂದ, 2024ರಲ್ಲಿ ಗಾಯಕ ಅರಿಜಿತ್ ಸಿಂಗರು ಮುಂಬಯಿಯ ಹಾಯ್‌ಕೋರ್ಟಿನಿಂದ ರಕ್ಷಣೆಯ ಆಜ್ಞೆಗಳನ್ನು ಪಡೆದರು. ಗ್ರಂಥಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು, ತಾನು ಮಾಡಿದ ಅಭಿನಯಕ್ಕೆ ತನ್ನ ಹೆಸರನ್ನು ಕೇಳುವ, ಕೀರ್ತಿಗೆ ಕುಂದು ಬರುವಂತೆ ಅದನ್ನು ಕೆಡಿಸಿದರೆ ತಡೆಯುವ ಹಕ್ಕನ್ನು ಕಲಾವಿದನಿಗೆ ಕೊಟ್ಟಿತು. 2025ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಕರಡು ನಿಯಮಗಳಲ್ಲಿ, ಕೃತಕವಾಗಿ ಮಾಡಿದ ಚಿತ್ರದ ಹತ್ತನೆಯ ಒಂದು ಪಾಲಿನಲ್ಲಿ, ಧ್ವನಿಯಾದರೆ ಮೊದಲ ಹತ್ತನೆಯ ಪಾಲಿನ ಹೊತ್ತಿನಲ್ಲಿ, ಅದು ಕೃತಕವೆಂಬ ಗುರುತು ಇರತಕ್ಕದ್ದೆಂದು ಸೂಚಿಸಿದ್ದಿತು. ಇವೆಲ್ಲ ಒಳ್ಳೆಯವು. ಆದರೆ ಕೋರ್ಟಿನ ಮೆಟ್ಟಿಲನ್ನು ಹತ್ತಬಲ್ಲವನು ದೊಡ್ಡ ನಟನು. ಜಾತ್ರೆಯ ಥೇಟರಿನಲ್ಲಿ ಹಾಡಿ, ಹೆಸರಿಲ್ಲದೆ ತೀರಿಕೊಂಡವನ ಕ್ಯಾಸೆಟ್ಟು ಎಷ್ಟು ಮನೆಗಳ ಮಾಡಗಳಲ್ಲಿ ಬಿದ್ದಿರಲಿಕ್ಕಿಲ್ಲ? ಆ ದನಿಗಳ ಪರವಾಗಿ ಒಲ್ಲೆನೆನ್ನುವವರು ಯಾರು?

ಇಳಕಲ್ಲಿನವರಿಗೆ ಗುರುತಿನ ಬೆಲೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಇಳಕಲ್ಲ ಸೀರೆಯ ಒಡಲ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದಾಗಲೇ ತೋಪು ತೆನೆಯ ಸೆರಗು ಏಳುವದು. ಯಂತ್ರದ ಮಗ್ಗದ ಸೀರೆಯೂ ದೂರದಿಂದ ಹಾಗೆಯೇ ಕಾಣುವದು. ಉಡಬಾರದೆಂದು ಯಾರೂ ಅನ್ನುವದಿಲ್ಲ, ಅಗ್ಗವಾದುದರಿಂದ ಬಡವರ ಮನೆಗೆ ಅದೇ ಗತಿ. ಅದನ್ನು ಕೈಮಗ್ಗದ್ದೆಂದು ಹೇಳಿ ಮಾರಬಾರದು, ಅಷ್ಟೆ. ಬಾದಾಮಿಯ ಹತ್ತಿರದ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯ ಗುಡಿಯನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಹೆಸರನ್ನು 8ನೆಯ ಶತಮಾನದಲ್ಲಿಯೇ ಕಲ್ಲಿನಲ್ಲಿ ಕೊರೆದಿದ್ದಾರೆ. ಭರತನ ಮತವನ್ನು ಬಲ್ಲ ಅಚಲನೆಂಬವನನ್ನು ಹೊಗಳುವ ಶಾಸನವೂ ಆ ಊರಲ್ಲಿ ಉಂಟು. ಅರಸರ ಕಾಲದ ಜನ ಕಲ್ಲಿನಲ್ಲಿ ಮಾಡಿದುದನ್ನು, ಈ ಕಾಲದವರು ತೆರೆಯ ಮೇಲಿನ ಒಂದು ಸಾಲಿನಲ್ಲಿ ಮಾಡಲಾರರೆ?

ಮಾಸ್ತರರು ಮೊಮ್ಮಗನಿಗೆ ಇಷ್ಟೇ ಹೇಳಿದರು: “ದನಿ ನಂದಲ್ಲ, ನಿಂದಲ್ಲ. ಅವನ ಮಗಳದು. ನಡಿ, ಕೇಳಿಕೊಂಡು ಬರೋಣು.”

ಅಣ್ಣನ ಮಗಳು ಬಾಗಲಕೋಟೆಯ ನವನಗರದಲ್ಲಿ ಇದ್ದಳು. ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಅಮೀನಗಡ. ಅಮೀನಗಡದಲ್ಲಿ ಬಸ್ಸು ನಿಂತಾಗ ಮಾಸ್ತರರು ಇಳಿದು ಒಂದು ಕಿಲೋ ಕರದಂಟು ಕೊಂಡರು. ಹಳೆಯ ಬಾಗಲಕೋಟೆಯ ಒಂದು ಓಣಿಯಲ್ಲಿ ಅಣ್ಣ ಬಾಡಿಗೆಯ ಮನೆ ಹಿಡಿದಿದ್ದರು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಆ ಓಣಿಯನ್ನು ನುಂಗಿತು. ನವನಗರಕ್ಕೂ ಬಾಗಲಕೋಟೆಯೆಂದೇ ಹೆಸರು. ಅಗಲವಾದ ದಾರಿಗಳು, ಸೆಕ್ಟರುಗಳು, ಗಿಡಗಳು. ಆದರೆ ಹಳೆಯ ಓಣಿಯಲ್ಲಿ ಹುಟ್ಟಿದವರು ಮುಳುಗಡೆಯೆಂಬ ಮಾತನ್ನು ಇನ್ನೂ ಮರೆತಿಲ್ಲ. ಹೊಸ ಊರಿನಲ್ಲಿ ಸುಖವಾಗಿಯೇ ಇರುವರು. ಅದನ್ನೇ ಹಳೆಯ ಊರೆಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪರು.

ಮಗಳು ಕರದಂಟಿನ ಪೊಟ್ಟಣವನ್ನು ಒಳಗಿಟ್ಟು, ಚಹಾ ತಂದು ಕುಳಿತಳು. ಮೊಮ್ಮಗನು ಹಾಡು ಹಚ್ಚಿದನು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಎರಡನೆಯ ‘ಒನ್ಸ್ ಮೋರ್’ ಮುಗಿಯಿತು. ಮೂರನೆಯ ಹಾಡು ಮೊದಲಾಯಿತು. ಅವಳು ತಲೆಯೆತ್ತಿದಳು.

“ಕಾಕಾ, ಇದ ಯಾವುದು? ಅಪ್ಪ ಇಲ್ಲಿ ಹಾಡೂದಿಲ್ಲಲ್ಲ.”

ಮೊಮ್ಮಗನು ಎಲ್ಲವನ್ನೂ ಹೇಳಿದನು. ಗದ್ದಲ ತೆಗೆದುದನ್ನು, ದನಿ ಕಲಿಸಿದುದನ್ನು, ಇನ್ನು ಮುಂದೆ ಮಾಡಬಹುದಾದುದನ್ನು. ಅವಳು ಕೊನೆಯವರೆಗೆ ಕೇಳಿದಳು.

“ತಮ್ಮಾ, ಕೂಸು ಅಳತಿತ್ತಲ್ಲ ಇದರಾಗ?”

“ತಗದೀನಿ ಅತ್ತೀ.”

“ಅದು ನಾನ.”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮಾಸ್ತರರು ನಾಲ್ವತ್ತೆರಡು ವರುಷ ಆ ಅಳುವನ್ನು ಕೇಳಿದ್ದರು. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಪರದೆಯ ಹಿಂದಿನದು ಕಂಡಿರಲಿಲ್ಲ. ಅವಳೇ ಮುಂದುವರಿಸಿದಳು. ಅವ್ವ ಹೇಳುತ್ತಿದ್ದ ಮಾತದು: ಕೂಸಿಗೆ ಆ ದಿನ ಜ್ವರ, ಅವ್ವನದು ಮುಂದಿನ ಪ್ರವೇಶ. ಬಣ್ಣ ಹಚ್ಚಿಕೊಂಡು ಕೂಸನ್ನು ಎತ್ತಿಕೊಂಡೇ ಪಕ್ಕದ ಪರದೆಯ ಹತ್ತಿರ ನಿಂತಿದ್ದಳು. ಆ ಪ್ರವೇಶ ಮುಗಿದರೆ ಅವಳು ಬಿಡಾರಕ್ಕೆ ಹೋಗಬಹುದಾಗಿದ್ದಿತು. ಮಾಲಕನು ಇನ್ನೊಮ್ಮೆ ಹಾಡೆಂದು ಸನ್ನೆ ಮಾಡಿದನು; ಜನ ಕೂಗಿದರು; ಅಪ್ಪ ಪರದೆಯ ಕಡೆಗೆ ಒಮ್ಮೆ ನೋಡಿ, ಜನರಿಗೆ ಕೈ ಮುಗಿದನು.

“ಹೊಟ್ಟಿಗೆ ಹಾಕೂ ಜನ ಅವರು. ಅವರಿಗೆ ಒಲ್ಲೆ ಅಂದದ್ದು ಅವ ಅದೊಂದ ಸಲ ಅಂತ. ಕಾಕಾ, ಅಪ್ಪ ಹಾಡಿದ್ದು ಹಾಡ್ಲಿ. ಒಲ್ಲೆ ಅಂದದ್ದನ್ನ ಅವನ ಬಾಯಾಗ ಯಾಕ ಇಡ್ತೀರಿ?”

ಮೊಮ್ಮಗನು ಮೊಬೈಲನ್ನು ಕೆಳಗಿಟ್ಟನು. “ಮೂಲದ್ದು ನನ್ನ ಹತ್ರ ಐತಿ ಅತ್ತೀ. ಒಂದೂ ಕೆಡಿಸಿಲ್ಲ” ಎಂದನು, ತಪ್ಪು ಮಾಡಿ ಸಿಕ್ಕ ಹುಡುಗನಂತೆ.

“ನೀ ಮಾಡಿದ್ದು ಛಲೋನ ಮಾಡೀಯಪ್ಪ. ಡೀಜಲ್ ಯಂತ್ರ ಬೇಕಾರ ತಗಿ. ಅಪ್ಪನ ಉಸುರು ಕೇಳಿಸ್ತಲ್ಲ, ಅದು ನಂಗ ಗೊತ್ತs ಇರಲಿಲ್ಲ. ನಾ ಏಳು ವರ್ಷದಾಕಿ ಇದ್ದಾಗ ಅವ ಹೋದ. ಅದನ್ನ ಇಡು. ಕೂಸನ್ನೂ ಇಡು. ಒಲ್ಲೆ ಅಂದದ್ದನ್ನೂ ಇಡು.”

ಆಮೇಲೆ ಸ್ವಲ್ಪ ತಡೆದು ಕೇಳಿದಳು: ಹೊಸ ನಾಟಕವನ್ನು ಮಾಡಬೇಕೆಂದಿರುವೆಯಲ್ಲ, ಅದಕ್ಕೆ ಜಾತ್ರೆಯ ಕಂಪನಿಯಲ್ಲಿ ಇವತ್ತಿಗೂ ಹಾಡುವ ಹುಡುಗರುಂಟು; ಅವರಿಗೆ ಕೂಲಿ ಕೊಟ್ಟು, ಅವರ ಹೆಸರು ಹಾಕಿ, ಅವರ ದನಿಯನ್ನೇ ಕೇಳಿ ಪಡೆಯಬಾರದೆ? ಬೇಡವೆಂದರೆ ಬಿಡು, ಹೌದೆಂದರೆ ಯಂತ್ರಕ್ಕೆ ಕಲಿಸು. ಮೊಮ್ಮಗನು ಇದನ್ನು ಯೋಚಿಸಿರಲಿಲ್ಲ. ಸತ್ತವರ ದನಿಯು ಕೈಗೆ ಸುಲಭವಾಗಿ ಸಿಕ್ಕಿದ್ದಿತು; ಇದ್ದವರ ಬಾಗಿಲಿಗೆ ಹೋಗಿ ಕೇಳಬೇಕಾಗುತ್ತಿದ್ದಿತು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದಿತು. ಹುಡುಗನು ಮೂಲದ ಪ್ರತಿಯನ್ನು ಹುಡುಕಿ ಹಚ್ಚಿದನು. ಯಂತ್ರ ಗುಡುಗುಟ್ಟಿತು, ಶೇಂಗಾದವನು ಕೂಗಿದನು, ಅಣ್ಣ ಹಾಡಿದರು, ಮತ್ತೆ ಹಾಡಿದರು, ಪುನಃ ಹಾಡಿದರು. ದೂರದಲ್ಲಿ ಕೂಸು ಅತ್ತಿತು. ನಾಲ್ವತ್ತೆರಡು ವರುಷದ ಹೆಂಗಸು ಚಹಾದ ಬಟ್ಟಲನ್ನು ಹಿಡಿದು ತನ್ನ ಅಳುವನ್ನು ತಾನೇ ಕೇಳುತ್ತ ಕುಳಿತಳು. ಜನ ಮೂರನೆಯ ಸಲ ಕೂಗಿದರು.

“ಇನ್ನ ಒಲ್ಲೆ, ನಮ್ಮಪ್ಪಗೋಳ್ರ್ಯಾ. ನಾಳಿಗೆ ಬರ್ರಿ.”

ಜನ ನಕ್ಕರು, ಚಪ್ಪಾಳೆಯಾಯಿತು. ಟೇಪಿನಲ್ಲಿ ಕೂಸಿನ ಅಳು ಸ್ವಲ್ಪ ಹೊತ್ತಿನ ಮೇಲೆ ನಿಂತಿತು.